ಕಾಲಾಳುಪಡೆಯ ಮನ್ರೋ ಮತ್ತು ನಮ್ಮ ಸೀಮೆಯ ಶಾಲೆಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಅಧ್ಯಯನ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಅಪ್ಪಣೆ ಮಾಡಿದಾಗ, ವಿಷಯಕ್ಕಾಗಿ ನಾನು ಬಹಳ ದೂರ ಹುಡುಕಬೇಕಾಗಲಿಲ್ಲ. ಆದವಾನಿ, ಆಲೂರು, ಪತ್ತಿಕೊಂಡ, ಗುತ್ತಿ, ರಾಯದುರ್ಗಗಳ ಹಿರಿಯರ ಬಾಯಲ್ಲಿ 'ಮನ್ರೋ ದೊರೆ' ಎಂಬ ಹೆಸರು ಹಲವು ತಲೆಮಾರುಗಳಿಂದ ಉಳಿದು ಬಂದಿದೆ. ಕಡಪಾ ಸೀಮೆಯಲ್ಲಿ ಮಕ್ಕಳಿಗೆ 'ಮನ್ರೋಲಪ್ಪ' ಎಂದು ನಾಮಕರಣ ಮಾಡುತ್ತಿದ್ದರೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಸಮುದ್ರದಾಚೆಯಿಂದ ನಮ್ಮ ನಾಡನ್ನು ಗೆಲ್ಲಲು ಬಂದ ಒಬ್ಬ ಸಿಪಾಯಿಯ ಹೆಸರು ಹೀಗೆ ನಮ್ಮವರ ಮನೆಯ ತೊಟ್ಟಿಲನ್ನು ತಲುಪಿದ್ದು ಹೇಗೆ? ಆತನಿಗೂ ನಮ್ಮ ಕನ್ನಡ ಶಾಲೆಗಳ ಚರಿತ್ರೆಗೂ ಏನು ಸಂಬಂಧ? ಈ ಎರಡು ಪ್ರಶ್ನೆಗಳಿಗೆ ನನಗೆ ತಿಳಿದ ಮಟ್ಟಿಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಥಾಮಸ್ ಮನ್ರೋ ಜನಿಸಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, 1761ನೆಯ ಮೇ 27ರಂದು. ತಂದೆ ಅಲೆಗ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾ ಪ್ರಾಂತದೊಡನೆ ವ್ಯಾಪಾರ ನಡೆಸುತ್ತಿದ್ದ ವರ್ತಕ. ಚಿಕ್ಕಂದಿನಲ್ಲಿ ತಗುಲಿದ ದಡಾರದಿಂದ ಬಾಲಕನ ಕಿವಿ ಸ್ವಲ್ಪ ಮಂದವಾಯಿತು. ಆ ಕೊರತೆ ಕೊನೆಯವರೆಗೂ ಉಳಿಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗಣಿತ, ರಸಾಯನಶಾಸ್ತ್ರಗಳನ್ನು ಓದಿದನು. 'ಡಾನ್ ಕ್ವಿಕ್ಸೋಟ್' ಕಾದಂಬರಿಯನ್ನು ಮೂಲದಲ್ಲಿಯೇ ಓದಬೇಕೆಂಬ ಆಸೆಯಿಂದ ಸ್ಪ್ಯಾನಿಷ್ ಭಾಷೆಯನ್ನು ತಾನಾಗಿಯೇ ಕಲಿತನು. ಪರಭಾಷೆಯವನ ಮನಸ್ಸನ್ನು ಅವನ ಭಾಷೆಯಲ್ಲಿಯೇ ತಿಳಿಯಬೇಕೆಂಬ ಹಂಬಲ ಆತನಲ್ಲಿ ಬಾಲ್ಯದಲ್ಲಿಯೇ ಮೊಳೆತಿತ್ತೆಂಬುದನ್ನು ಓದುಗರು ಗಮನಿಸಬೇಕು.

ಹದಿನಾರನೆಯ ವಯಸ್ಸಿಗೆ ಆತನನ್ನು ಒಂದು ವ್ಯಾಪಾರದ ಕೋಠಿಯಲ್ಲಿ ಲೆಕ್ಕ ಬರೆಯಲು ಸೇರಿಸಿದರು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾಗಿ ವರ್ಜೀನಿಯಾದ ವ್ಯಾಪಾರ ಮುರಿದುಬಿತ್ತು, ತಂದೆ ದಿವಾಳಿಯಾದನು. ಮಗನಿಗೆ ಉಳಿದದ್ದು ಈಸ್ಟ್ ಇಂಡಿಯಾ ಕಂಪನಿಯ ನೌಕರಿಯೊಂದೇ. 1779ರಲ್ಲಿ ಮದರಾಸಿನ ಕಾಲಾಳುಪಡೆಗೆ ಕೆಡೆಟ್ ಆಗಿ ನೇಮಕಗೊಂಡು, 1780ನೆಯ ಜನವರಿ 15ರಂದು ಮದರಾಸಿನ ದಡದಲ್ಲಿ ಇಳಿದನು. ಆಗ ವಯಸ್ಸು ಹದಿನೆಂಟು.

ಹನ್ನೆರಡು ವರ್ಷಗಳ ಸಿಪಾಯಿ ಜೀವನ

ಆತನು ಬಂದ ವರ್ಷವೇ ಹೈದರಾಲಿಯು ಕರ್ನಾಟಿಕ್ ಪ್ರದೇಶದ ಮೇಲೆ ದಂಡೆತ್ತಿ ಬಂದನು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ದಳವನ್ನು ಹೈದರ್ ಮತ್ತು ಟಿಪ್ಪು ನಿರ್ನಾಮ ಮಾಡಿದಾಗ, ತರುಣ ಮನ್ರೋ ಸಮೀಪದ ಕಂಚಿಯಲ್ಲಿ ಬೀಡುಬಿಟ್ಟಿದ್ದ ಹೆಕ್ಟರ್ ಮನ್ರೋವಿನ ಸೈನ್ಯದಲ್ಲಿದ್ದನು. ಹೆಸರು ಒಂದೇ ಆದರೂ ಈ ಸೇನಾಪತಿ ಬೇರೆಯವನು. ಬೇಲಿಯ ನೆರವಿಗೆ ಸಕಾಲದಲ್ಲಿ ಹೋಗಲಾರದೆ ಆ ಸೈನ್ಯ ಮದರಾಸಿಗೆ ಹಿಂದಿರುಗಿತು. ಹೀಗೆ ನಮ್ಮ ಕಥಾನಾಯಕನು ಯುದ್ಧದಲ್ಲಿ ಕಲಿತ ಮೊದಲ ಪಾಠ ಸೋಲಿನದು. ಮುಂದೆ ಐರ್ ಕೂಟನ ಕೈಕೆಳಗೆ ಪೋರ್ಟೋ ನೋವೋ, ಶೋಲಿಂಗೂರು ಮೊದಲಾದ ಕದನಗಳಲ್ಲಿ ಪಾಲ್ಗೊಂಡನು. 1784ರಲ್ಲಿ ಶಾಂತಿಯಾಯಿತು.

ಆ ಕಾಲದ ಕಿರಿಯ ಅಧಿಕಾರಿಯ ಬದುಕು ವೈಭವದ್ದಾಗಿರಲಿಲ್ಲ. ತಂಗಿಗೆ ಬರೆದ ಪತ್ರವೊಂದರಲ್ಲಿ ಆತನು ತನ್ನ ಸ್ಥಿತಿಯನ್ನು ವಿನೋದವಾಗಿ ಬಣ್ಣಿಸಿದ್ದಾನೆ. ಭಾರತಕ್ಕೆ ಬಂದು ಮೂರು ವರ್ಷ ಕಳೆಯುವವರೆಗೆ ಪುಸ್ತಕವೋ ತೋಟಾಗಳ ಚೀಲವೋ ಅವನಿಗೆ ತಲೆದಿಂಬು. ಕೋಲುಗಳ ಮೇಲೆ ಬಿಗಿದ ಒಂದು ತುಂಡು ಕ್ಯಾನ್ವಾಸ್ ಬಟ್ಟೆಯೇ ಹಾಸಿಗೆ. ಇಂಥ ಬಡತನದಲ್ಲಿಯೂ, ಬಂಗಾಳದಲ್ಲಿದ್ದ ಸಹೋದರನೊಡನೆ ಸೇರಿ, ದಿವಾಳಿಯಾದ ತಂದೆಗೆ ವರ್ಷಕ್ಕೆ ನೂರು ಪೌಂಡು ಕಳುಹಿಸುತ್ತಿದ್ದನು. ಮನೆಯ ಕಷ್ಟಕ್ಕಾಗಿ ದೂರದ ಊರಿಗೆ ದುಡಿಯಲು ಹೋದ ಮಕ್ಕಳ ಕಥೆ ನಮ್ಮ ಸೀಮೆಯವರಿಗೆ ಹೊಸದಲ್ಲ.

ಬಿಡುವಿನ ವೇಳೆಯಲ್ಲಿ ಆತನು ಹಿಂದುಸ್ತಾನಿ, ಪಾರಸಿ ಭಾಷೆಗಳನ್ನು ಕಲಿತನು. 1788ರಲ್ಲಿ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡನ ಕೈಕೆಳಗೆ ಸುದ್ದಿ ಸಂಗ್ರಹದ ಇಲಾಖೆಗೆ ಆತನನ್ನು ಸೇರಿಸಲು ಈ ಭಾಷಾಜ್ಞಾನ ನೆರವಾಯಿತು. ಟಿಪ್ಪುವಿನೊಡನೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಬೆಂಗಳೂರು ಮುತ್ತಿಗೆಯ ಕಾಲಕ್ಕೆ ಕಾರ್ನ್‌ವಾಲಿಸನ ಸೈನ್ಯದಲ್ಲಿದ್ದನು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಯುದ್ಧ ಮುಗಿಯಿತು.

ಬಂದೂಕಿನಿಂದ ಕಡತಕ್ಕೆ

ಆ ಒಪ್ಪಂದದಂತೆ ಟಿಪ್ಪು ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಬಾರಾಮಹಲ್ ಒಂದು. ಅದು ಇಂದಿನ ಹೊಸೂರು ಸೀಮೆಗೆ ಹೊಂದಿಕೊಂಡ ಕೃಷ್ಣಗಿರಿ, ಧರ್ಮಪುರಿಗಳ ಭಾಗ. ಅದರ ಆಡಳಿತಕ್ಕೆ ಜನರ ಭಾಷೆ ಬಲ್ಲ ಅಧಿಕಾರಿಗಳು ಬೇಕಾಗಿದ್ದರು. ರೀಡನಿಗೆ ಸಹಾಯಕರಾಗಿ ನೇಮಕವಾದ ಸೈನ್ಯಾಧಿಕಾರಿಗಳಲ್ಲಿ ಮನ್ರೋ ಒಬ್ಬನು. ಯುದ್ಧ ಕಲಿತವನು ಹೊಲ ಅಳೆಯುವುದನ್ನು ಕಲಿತದ್ದು ಇಲ್ಲಿ. ಜಮೀನ್ದಾರರನ್ನು ನಡುವೆ ನಿಲ್ಲಿಸದೆ, ಸರ್ಕಾರವು ನೇರವಾಗಿ ಪ್ರತಿಯೊಬ್ಬ ರೈತನೊಡನೆ ಕಂದಾಯವನ್ನು ಗೊತ್ತುಪಡಿಸಿಕೊಳ್ಳುವ ರೈತವಾರಿ ಪದ್ಧತಿಯು ರೂಪುಗೊಂಡುದೂ ಇಲ್ಲಿಯೇ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಮೈಸೂರಿನ ವ್ಯವಸ್ಥೆಗೆಂದು ನೇಮಿಸಿದ ಆಯೋಗಕ್ಕೆ ಮನ್ರೋ ಮತ್ತು ಜಾನ್ ಮಾಲ್ಕಮ್ ಕಾರ್ಯದರ್ಶಿಗಳಾಗಿದ್ದರು. ಅನಂತರ ಮನ್ರೋವನ್ನು ಕೆನರಾ ಸೀಮೆಗೆ ಕಲೆಕ್ಟರನಾಗಿ ಕಳುಹಿಸಿದರು. ಕರಾವಳಿಯ ಎಡೆಬಿಡದ ಮಳೆ ಆತನಿಗೆ ಹಿಡಿಸಲಿಲ್ಲ. ಆದರೂ ಅಲ್ಲಿಯ ಶಾನುಭೋಗರ ಕಡತಗಳಿಂದ ವಿಜಯನಗರ ಅರಸರ ಕಾಲದವರೆಗಿನ ಕಂದಾಯದ ಲೆಕ್ಕವನ್ನು ಪರಿಶೀಲಿಸಿ, ಆ ನಾಡಿನಲ್ಲಿ ಭೂಮಿಯು ಪ್ರಾಚೀನ ಕಾಲದಿಂದಲೂ ಒಕ್ಕಲುಗಳ ಖಾಸಗಿ ಸ್ವತ್ತಾಗಿತ್ತೆಂದು 1800ರಲ್ಲಿ ವರದಿ ಮಾಡಿದನು. ಅಕ್ಕಿಯ ಗಂಜಿ ಮತ್ತು ಇದ್ದಿಲು ಬಳಿದ ಬಟ್ಟೆಯ ಮಡಿಕೆಯ ಮೇಲೆ ಬಳಪದಿಂದ ಬರೆದ ಕಪ್ಪು ಪುಸ್ತಕವೇ ಕಡತ. ಕನ್ನಡದಲ್ಲಿ ಲೆಕ್ಕ ಬರೆದಿಟ್ಟ ಆ ಶಾನುಭೋಗರು ಇಲ್ಲದಿದ್ದರೆ ಮನ್ರೋ ಎಷ್ಟೇ ಜಾಣನಾಗಿದ್ದರೂ ನಿಷ್ಪ್ರಯೋಜಕನಾಗುತ್ತಿದ್ದನು.

ದತ್ತ ಮಂಡಲದಲ್ಲಿ ಏಳು ವರ್ಷ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪಾ ಮತ್ತು ಕರ್ನೂಲಿನ ಕೆಲವು ಭಾಗಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ದತ್ತ ಮಂಡಲವೆಂದು ಪ್ರಸಿದ್ಧವಾದ ಈ ಪ್ರದೇಶದಲ್ಲಿ ನಮ್ಮ ಆದವಾನಿ, ರಾಯದುರ್ಗಗಳೂ ಸೇರಿದ್ದವು. 1807ರವರೆಗೆ ಮನ್ರೋ ಇಲ್ಲಿಯ ಪ್ರಧಾನ ಕಲೆಕ್ಟರನಾಗಿದ್ದನು. ವರ್ಷದ ಬಹುಭಾಗ ಡೇರೆಯಲ್ಲಿಯೇ ವಾಸ, ಊರಿಂದೂರಿಗೆ ಸಂಚಾರ. ರೈತರು ಡೇರೆಗೆ ಬಂದು ಅಹವಾಲು ಹೇಳಿಕೊಳ್ಳಬಹುದಾಗಿತ್ತು. ಹೊಲಗಳನ್ನೆಲ್ಲ ಅಳತೆ ಮಾಡಿಸಿ ದಾಖಲೆ ಬರೆಯಿಸಿದನು.

ಆದರೆ ಇತಿಹಾಸದ ವಿದ್ಯಾರ್ಥಿಯು ಒಂದು ಕಡೆಯ ತಕ್ಕಡಿಯನ್ನೇ ನೋಡಬಾರದು. ಇಲ್ಲಿದ್ದ ಸುಮಾರು 80 ಮಂದಿ ಪಾಳೆಯಗಾರರನ್ನು ಆತನು ಸೈನ್ಯಬಲದಿಂದ ಅಡಗಿಸಿದನು. ಪತ್ತಿಕೊಂಡದ ಕಡೆಯ ತೆರ್ನೇಕಲ್ಲಿನ ಜನರು ಕಂದಾಯಕ್ಕೆ ಎದುರು ನಿಂತಾಗ, 1801ರಲ್ಲಿ ಫಿರಂಗಿ ತಂದು ಊರಿನ ಕೋಟೆಯನ್ನು ಹಿಡಿದರು. ಊರ ಮುಖಂಡ ಗೌಡಪ್ಪನನ್ನು ಗಲ್ಲಿಗೇರಿಸಿದ ಸಂಗತಿಯನ್ನು ಆ ಸೀಮೆಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಏಳು ವರ್ಷಗಳಲ್ಲಿ ಈ ಸೀಮೆಯ ಕಂದಾಯ ಸುಮಾರು 4 ಲಕ್ಷ ಪೌಂಡಿನಿಂದ 6 ಲಕ್ಷ ಪೌಂಡಿಗೆ ಏರಿತು. ಏರಿದ ಆ ಹಣ ಮಳೆ ನೆಚ್ಚಿದ ಎರೆಹೊಲದ ರೈತನ ಕಣದಿಂದಲೇ ಬಂದದ್ದು.

ಈ ಭಾರ ಅತಿಯಾಯಿತೆಂಬುದನ್ನು ಮನ್ರೋ ತಾನೇ ಕಂಡುಕೊಂಡನು. 1807ರಲ್ಲಿ ಇಲ್ಲಿಂದ ಹೊರಡುವ ಮುನ್ನ, ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದೂ, ಬಾವಿ ನೀರಾವರಿಯಂಥ ಜಮೀನುಗಳಿಗೆ ಇನ್ನೂ ಹೆಚ್ಚು ರಿಯಾಯಿತಿ ಕೊಡಬೇಕೆಂದೂ ಸರ್ಕಾರಕ್ಕೆ ಬರೆದನು. ಸರ್ಕಾರ ಆಗ ಒಪ್ಪಲಿಲ್ಲ. ಊರುಗಳನ್ನೇ ಗುತ್ತಿಗೆಗೆ ಕೊಡುವ ಬೇರೊಂದು ಪದ್ಧತಿ ತಂದು ಹಲವು ರೈತ ಮನೆತನಗಳು ಹಾಳಾದವು. 1820ರ ಬಳಿಕ, ಮನ್ರೋ ತಾನೇ ಗವರ್ನರನಾಗಿ ಬಂದ ಮೇಲೆ, ಈ ಇಳಿತ ನಮ್ಮ ಸೀಮೆಗೆ ದೊರೆಯಿತು. ಹದಿಮೂರು ವರ್ಷ ತಡವಾಗಿಯಾದರೂ ಆಡಿದ ಮಾತನ್ನು ನಡೆಸಿದನೆಂಬುದನ್ನು ಒಪ್ಪಬೇಕು.

ಮತ್ತೊಮ್ಮೆ ಯುದ್ಧ

ಇಪ್ಪತ್ತೇಳು ವರ್ಷಗಳ ಬಳಿಕ 1807ರಲ್ಲಿ ತಾಯ್ನಾಡಿಗೆ ಹೋದ ಮನ್ರೋ, 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಎಂಬಾಕೆಯನ್ನು ವಿವಾಹವಾಗಿ ಮದರಾಸಿಗೆ ಮರಳಿದನು. 1817-18ರ ಮರಾಠಾ ಯುದ್ಧದಲ್ಲಿ ಬ್ರಿಗೇಡಿಯರ್ ಜನರಲ್ ಆಗಿ ಧಾರವಾಡದ ಕಡೆ ದಂಡಯಾತ್ರೆ ಹೊರಟನು. ಕೈಯಲ್ಲಿದ್ದ ಸೈನ್ಯ ತೀರ ಚಿಕ್ಕದು. ಆದಕಾರಣ ಊರ ಜನರನ್ನೇ ಪಾಳಿಯಾಳುಗಳಾಗಿ ನೇಮಿಸಿಕೊಂಡು, ಬಾದಾಮಿ, ಬೆಳಗಾವಿ ಕೋಟೆಗಳನ್ನು ಗೆದ್ದು, 1818ರ ಮೇ ತಿಂಗಳಿನಲ್ಲಿ ಸೊಲ್ಲಾಪುರವನ್ನು ವಶಪಡಿಸಿಕೊಂಡನು. ಪೇಶ್ವೆಯ ಆಳ್ವಿಕೆಯಲ್ಲಿ ಬೇಸತ್ತಿದ್ದ ಕನ್ನಡ ರೈತರು ಆತನಿಗೆ ನೆರವಾದರು. ಆ ನೆರವಿನಿಂದ ಅವರಿಗೆ ದೊರೆತದ್ದು ಮತ್ತೊಬ್ಬ ಒಡೆಯ ಎಂಬುದೂ ಅಷ್ಟೇ ಸತ್ಯ. ಈಗ ಗಡಿಯಾಚೆ ಹಂಚಿಹೋಗಿರುವ ನಾವು, ಕಾಸರಗೋಡಿನವರು, ಹೊಸೂರಿನವರು, ಸೊಲ್ಲಾಪುರದವರು ಹೀಗೆ ಬೇರೆ ಬೇರೆ ರಾಜ್ಯಗಳವರಾದರೂ, ನಮ್ಮ ಊರುಗಳ ಇತಿಹಾಸದಲ್ಲಿ ಈ ಒಬ್ಬ ವ್ಯಕ್ತಿ ಪದೇ ಪದೇ ಎದುರಾಗುತ್ತಾನೆ.

ಶಾಲೆಗಳ ಗಣತಿ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. 1820ರಲ್ಲಿ ಮದರಾಸಿನ ಗವರ್ನರನಾದ ಮನ್ರೋ, 1822ರ ಜೂನ್ 25ರಂದು ಒಂದು ಟಿಪ್ಪಣಿ ಬರೆದನು. ಈ ದೇಶದ ಜನರ ವಿದ್ಯೆಯ ಬಗ್ಗೆ ಎಲ್ಲರೂ ಊಹೆಯ ಮಾತಾಡುತ್ತಾರೆಯೇ ಹೊರತು ನಿಜಸ್ಥಿತಿಯ ಲೆಕ್ಕ ಯಾರಲ್ಲಿಯೂ ಇಲ್ಲವೆಂಬುದು ಅದರ ಸಾರ. ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ, ಯಾವ ಜಾತಿಯವರು, ಯಾವ ಪುಸ್ತಕ, ಎಷ್ಟು ಶುಲ್ಕ ಎಂಬುದನ್ನೆಲ್ಲ ಬರೆದು ಕಳುಹಿಸಬೇಕೆಂದು ಕಲೆಕ್ಟರುಗಳಿಗೆ ಆದೇಶ ಹೋಯಿತು.

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ಉತ್ತರ ನಮಗೆ ಅತ್ಯಮೂಲ್ಯ. ತೆಲುಗು ಭಾಷೆಗೆ ವ್ಯಾಕರಣ ಬರೆದ ಪಂಡಿತನೂ ಇವನೇ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಆದವಾನಿ, ರಾಯದುರ್ಗ, ಅನಂತಪುರ, ಗುತ್ತಿ ಎಲ್ಲವೂ ಅಡಕವಾಗಿದ್ದವು. ಆತನ ಲೆಕ್ಕದಂತೆ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಆ ಶಾಲೆಗಳ ವಿವರ ಹೀಗಿದೆ: ಕನ್ನಡ 235, ತೆಲುಗು 226, ಮರಾಠಿ 23, ಪಾರಸಿ 21, ಸಂಸ್ಕೃತ 23, ತಮಿಳು 4, ಇಂಗ್ಲಿಷ್ 1.

ಈ ಅಂಕಿಗಳನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಎರಡು ಬಾರಿ ಓದಬೇಕೆಂದು ವಿನಂತಿ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಮೈಸೂರಿಗೂ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಸೇರಿದವು. ಅದಕ್ಕೆ 130 ವರ್ಷ ಹಿಂದೆ ಈ ಜಿಲ್ಲೆಯಲ್ಲಿ ಕನ್ನಡ ಶಾಲೆಗಳೂ ತೆಲುಗು ಶಾಲೆಗಳೂ ಅಕ್ಕಪಕ್ಕದ ಮನೆಗಳಂತೆ, ಬಹುತೇಕ ಸಮಸಂಖ್ಯೆಯಲ್ಲಿ ಇದ್ದವು. ಇಲ್ಲಿ ಕನ್ನಡ ಶಾಲೆಯೆಂಬುದು ಹೊರಗಿನಿಂದ ತಂದು ನೆಟ್ಟ ಗಿಡವಲ್ಲ. ಕನ್ನಡ ಮತ್ತು ತೆಲುಗು ಇಲ್ಲಿ ಒಂದಕ್ಕೊಂದು ವೈರಿಗಳೂ ಅಲ್ಲ.

ಆ ಶಾಲೆಗಳು ನಡೆಯುತ್ತಿದ್ದ ರೀತಿಯನ್ನೂ ಕ್ಯಾಂಪ್‌ಬೆಲ್ ಬಣ್ಣಿಸಿದ್ದಾನೆ. ಮಗುವಿಗೆ ಐದನೆಯ ವರ್ಷದಲ್ಲಿ ಗಣಪತಿ ಪೂಜೆ ಮಾಡಿಸಿ ಅಕ್ಕಿಯ ಮೇಲೆ ಬೆರಳಿನಿಂದ ಬರೆಯಿಸುತ್ತಿದ್ದರು. ಬೆಳಗಿನ ಆರಕ್ಕೆ ಶಾಲೆ ಆರಂಭ. ಮೊದಲು ಬಂದ ಹುಡುಗನ ಅಂಗೈಯ ಮೇಲೆ 'ಸರಸ್ವತಿ' ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲುವಾದ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಿತ್ತು. ಮರಳು, ಹಲಗೆ, ಕಡತ ಇವೇ ಬರವಣಿಗೆಯ ಸಾಧನಗಳು. ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುತ್ತಿದ್ದರು. ಕಡಿಮೆ ಖರ್ಚಿನ ಈ ಕ್ರಮವನ್ನು ಇಂಗ್ಲೆಂಡಿನಲ್ಲಿಯೂ ಅನುಕರಿಸಿದ್ದು ಸರಿಯೇ ಎಂದು ಆತನು ಮೆಚ್ಚಿಕೊಂಡಿದ್ದಾನೆ. ಅರ್ಥ ತಿಳಿಸದೆ ಕಾವ್ಯದ ಹಳೆಯ ಭಾಷೆಯನ್ನು ಕಂಠಪಾಠ ಮಾಡಿಸುತ್ತಾರೆಂಬುದು ಆತನ ಆಕ್ಷೇಪ. ಉಪಾಧ್ಯಾಯ ವೃತ್ತಿಯಲ್ಲಿ ಆಯುಷ್ಯ ಕಳೆದ ನನಗೆ ಆ ಆಕ್ಷೇಪ ಇಂದಿಗೂ ಸಲ್ಲುವಂತೆ ತೋರುತ್ತದೆ.

ಗುರುವಿಗೆ ಸರ್ಕಾರದ ಸಂಬಳವಿರಲಿಲ್ಲ. ಒಬ್ಬೊಬ್ಬ ಹುಡುಗನ ಮನೆಯವರು ತಿಂಗಳಿಗೆ ಕಾಲು ರೂಪಾಯಿಯಿಂದ ಅರ್ಧ ರೂಪಾಯಿ ಕೊಡುತ್ತಿದ್ದರು. ಇಂಥ ಶಾಲೆಯನ್ನು ನಮ್ಮ ಹಿರಿಯರು ಕೂಲಿಮಠವೆನ್ನುತ್ತಿದ್ದರು. ಹೆಣ್ಣುಮಕ್ಕಳ ಸಂಖ್ಯೆ ಇಡೀ ಜಿಲ್ಲೆಯಲ್ಲಿ ಕೇವಲ 60. ಆ ಕಾಲವನ್ನು ಸುವರ್ಣಯುಗವೆಂದು ಹೊಗಳಲು ಈ ಒಂದು ಅಂಕಿ ಅಡ್ಡ ಬರುತ್ತದೆ. ಹಿಂದೆ ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಒಂದೂ ಉಳಿದಿಲ್ಲವೆಂದೂ, ದೇಶ ಬಡವಾಗುತ್ತಿರುವುದೇ ಅದಕ್ಕೆ ಕಾರಣವೆಂದೂ ಕ್ಯಾಂಪ್‌ಬೆಲ್ ಮರೆಮಾಚದೆ ಬರೆದನು. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರು ಕೆಲಸ ಕಳೆದುಕೊಂಡುದನ್ನೂ ಹೇಳಿದನು.

ಇಂಥ ವರದಿಗಳನ್ನೆಲ್ಲ ಒಟ್ಟುಗೂಡಿಸಿ ಮನ್ರೋ 1826ರ ಮಾರ್ಚ್ 10ರಂದು ತನ್ನ ಅಭಿಪ್ರಾಯ ಬರೆದನು. ಮದರಾಸು ಪ್ರಾಂತದಲ್ಲಿ ಒಟ್ಟು 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಸುಮಾರು ಸಾವಿರ ಜನಕ್ಕೆ ಒಂದು ಶಾಲೆ. ಮನೆಯಲ್ಲಿ ಕಲಿಯುವವರನ್ನೂ ಸೇರಿಸಿದರೆ ಗಂಡುಮಕ್ಕಳಲ್ಲಿ ಮೂರರಲ್ಲೊಂದು ಪಾಲು ಓದು ಕಲಿಯುತ್ತಾರೆಂದು ಆತನ ಅಂದಾಜು. ಪ್ರತಿ ತಹಶೀಲಿಗೆ ಒಂದು ಸರ್ಕಾರಿ ಶಾಲೆ ಇರಬೇಕು, ಉಪಾಧ್ಯಾಯರಿಗೆ ತರಬೇತಿಯೂ ಸಂಬಳವೂ ದೊರೆಯಬೇಕು ಎಂಬುದು ಆತನ ಯೋಜನೆ. ಅದಕ್ಕೆ ಮೊದಲೇ, 1824ರ ಕೊನೆಯ ದಿನ ಬರೆದ ಮತ್ತೊಂದು ಟಿಪ್ಪಣಿಯಲ್ಲಿ, ದೇಶದ ಜನರನ್ನು ಉನ್ನತ ಹುದ್ದೆಗಳಿಗೆ ಸೇರಿಸದೆ ಅವರ ಗುಣವನ್ನು ಮಾತ್ರ ಹಳಿಯುವುದು ಅನ್ಯಾಯವೆಂದೂ, ಒಂದು ದಿನ ಅವರೇ ತಮ್ಮನ್ನು ಆಳಿಕೊಳ್ಳುವಂತಾಗಬೇಕೆಂದೂ ವಾದಿಸಿದ್ದನು.

ಕೊನೆಯ ಪ್ರವಾಸ

ಪತ್ನಿಯು ಅಸ್ವಸ್ಥನಾದ ಕಿರಿಯ ಮಗನೊಡನೆ 1826ರಲ್ಲಿ ಸ್ವದೇಶಕ್ಕೆ ಹೊರಟುಹೋದಳು. ತಾನೂ ಹಿಂದಿರುಗುವ ಮೊದಲು ತನ್ನ ಪ್ರೀತಿಯ ದತ್ತ ಮಂಡಲವನ್ನು ಒಮ್ಮೆ ನೋಡಿಬರಬೇಕೆಂದು ಮನ್ರೋ 1827ರ ಬೇಸಿಗೆಯಲ್ಲಿ ಪ್ರವಾಸ ಹೊರಟನು. ಬಿಡಾರದಲ್ಲಿ ಕಾಲರಾ ಹರಡಿತ್ತು. ಜುಲೈ 6ರಂದು ಪತ್ತಿಕೊಂಡದಲ್ಲಿ, ಬೆಳಿಗ್ಗೆ ತಗುಲಿದ ರೋಗದಿಂದ ಅದೇ ದಿನ ರಾತ್ರಿ ತೀರಿಕೊಂಡನು. ಗುತ್ತಿಯಲ್ಲಿ ಸಮಾಧಿ ಮಾಡಿ, 1831ರಲ್ಲಿ ಅವಶೇಷಗಳನ್ನು ಮದರಾಸಿನ ಕೋಟೆಯೊಳಗಣ ಸೇಂಟ್ ಮೇರಿ ಚರ್ಚಿಗೆ ಸಾಗಿಸಿದರು. ಚೆನ್ನೈನಲ್ಲಿರುವ ಆತನ ಅಶ್ವಾರೂಢ ಪ್ರತಿಮೆ ಫ್ರಾನ್ಸಿಸ್ ಚಾಂಟ್ರಿ ಎಂಬ ಶಿಲ್ಪಿಯದು; ಅದರ ಕುದುರೆಗೆ ಜೀನು, ರಿಕಾಪುಗಳಿಲ್ಲ.

ನಮ್ಮ ಜನರು ಆತನನ್ನು ಬೇರೆ ರೀತಿಯಲ್ಲಿ ಉಳಿಸಿಕೊಂಡರು. ಆಗ ಆದವಾನಿ ತಾಲ್ಲೂಕಿಗೆ ಸೇರಿದ್ದ ಮಂಚಾಲೆಯಲ್ಲಿ, ಎಂದರೆ ಇಂದಿನ ಮಂತ್ರಾಲಯದಲ್ಲಿ, ಮಠದ ಭೂಮಿಯ ವಿಚಾರಣೆಗೆ ಬಂದ ಮನ್ರೋ ಬೃಂದಾವನದ ಮುಂದೆ ನಿಂತು ಶ್ರೀ ರಾಘವೇಂದ್ರಸ್ವಾಮಿಗಳೊಡನೆ ಮಾತನಾಡಿದನೆಂಬ ಐತಿಹ್ಯವನ್ನು ತಿಳಿಯದವರು ನಮ್ಮಲ್ಲಿಲ್ಲ. ಭಕ್ತರ ನಂಬಿಕೆಗೆ ಇತಿಹಾಸದ ಸಾಕ್ಷಿ ಕೇಳುವುದು ನನ್ನ ಕೆಲಸವಲ್ಲ. ಪರದೇಶದ ಅಧಿಕಾರಿಯೊಬ್ಬನಿಗೆ ನಮ್ಮ ಗುರುಗಳ ಮಾತು ಕೇಳಿಸಿತೆಂದು ಜನ ಹೇಳಬೇಕಾದರೆ, ಆತನು ತಮ್ಮ ಮಾತನ್ನು ಕೇಳುವವನೆಂಬ ಭರವಸೆ ಅವರಲ್ಲಿ ಇದ್ದಿರಬೇಕು. ಕಿವಿ ಮಂದವಾಗಿದ್ದ ಮನುಷ್ಯನಿಗೆ ಸಂದ ಮರ್ಯಾದೆ ಇದು.

ನಾವು ಗ್ರಹಿಸಬೇಕಾದ ಪಾಠ

ಮನ್ರೋ ಮಡಿದ ಮೇಲೆ ಆತನ ತಹಶೀಲು ಶಾಲೆಗಳಿಗೆ ಏನಾಯಿತು? ಕೆಲವು ಆರಂಭವಾದವು, ಆದರೆ ಹಣವೂ ಆಸಕ್ತಿಯೂ ಸಾಲದೆ ಸೊರಗಿದವು. 1830ರ ದಶಕದಲ್ಲಿ ಸರ್ಕಾರದ ಒಲವು ಇಂಗ್ಲಿಷ್ ವಿದ್ಯೆಯ ಕಡೆ ತಿರುಗಿ, ಅವುಗಳನ್ನು ಮುಚ್ಚಿದರು. ಒಬ್ಬ ದೊಡ್ಡ ಅಧಿಕಾರಿಯ ಇಚ್ಛೆಯಿಂದ ಹುಟ್ಟಿದ ಶಾಲೆ ಆತನೊಡನೆ ಹೋಯಿತು. ಅದಕ್ಕೂ ಮೊದಲಿನಿಂದ ಇದ್ದ ಕೂಲಿಮಠಗಳಾದರೋ, ಅರಸರು ಬದಲಾದರೂ ದಂಡುಗಳು ಹಾದುಹೋದರೂ, ಕಾಲು ರೂಪಾಯಿ ಕೊಡುವ ಮನೆಗಳು ಇರುವವರೆಗೆ ನಡೆದವು. ಮನೆಗಳು ಬಡವಾದಾಗ ಅವೂ ಮುಚ್ಚಿದವು.

ಗಡಿನಾಡಿನ ಕನ್ನಡ ಶಾಲೆಯ ಸ್ಥಿತಿಯನ್ನು ಈ ಇತಿಹಾಸದ ಬೆಳಕಿನಲ್ಲಿ ನೋಡಬೇಕು. ಸರ್ಕಾರಗಳು ಪಠ್ಯಪುಸ್ತಕ ಒದಗಿಸಬೇಕು, ಉಪಾಧ್ಯಾಯರನ್ನು ನೇಮಿಸಬೇಕು ಎಂದು ನಾವು ಕೇಳುವುದು ನ್ಯಾಯವೇ, ಕೇಳುತ್ತಲೇ ಇರಬೇಕು. ಆದರೆ ಮಗುವನ್ನು ಶಾಲೆಯ ಬಾಗಿಲಿಗೆ ಕರೆತರುವ ಕೆಲಸವನ್ನು ಯಾವ ಗವರ್ನರನೂ ಮಾಡಲಾರನು. ನಮ್ಮ ಮನೆಗಳಲ್ಲಿ ಕನ್ನಡ ಆಡುವ ಮಕ್ಕಳೇ ಶಾಲೆಯಲ್ಲಿ ಕನ್ನಡ ಬಿಡುತ್ತಿರುವುದನ್ನು ಈ ಸಂಭ್ರಮದ ದಿನಗಳಲ್ಲಿಯೂ ಮರೆಯಲಾಗದು. ತೆಲುಗು ಕಲಿಯಲಿ, ಇಂಗ್ಲಿಷೂ ಕಲಿಯಲಿ; ಮನ್ರೋ ಐದಾರು ಭಾಷೆಗಳ ಜನರೊಡನೆ ವ್ಯವಹರಿಸಿದವನು. ಆದರೆ ಅಜ್ಜಿ ಆಡುವ ಭಾಷೆಯನ್ನು ಓದಲು, ಬರೆಯಲು ಬಾರದ ಮಗು ತನ್ನ ಮನೆಯ ಕಡತವನ್ನೇ ಬಿಚ್ಚಲಾರದು.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ. ನಮ್ಮ ಶಾಲೆಯ ಹಾಜರಿ ಪುಸ್ತಕಗಳನ್ನೂ ದಾಖಲಾತಿ ಪುಸ್ತಕಗಳನ್ನೂ ಗೆದ್ದಲಿಗೆ ಬಿಡದೆ ಕ್ರಮವಾಗಿ ಕಾಪಾಡಿರಿ. ನಿಮ್ಮ ಊರಿನಲ್ಲಿ ಕನ್ನಡ ಓದಬಲ್ಲ ಮಕ್ಕಳು ಎಷ್ಟು ಮಂದಿ, ಶಾಲೆ ಬಿಟ್ಟವರು ಎಷ್ಟು ಮಂದಿ ಎಂದು ನೀವೇ ಮನೆಮನೆಗೆ ಹೋಗಿ ಲೆಕ್ಕ ಬರೆಯಿರಿ. ಊಹೆಯ ಮಾತು ಬಿಟ್ಟು ಎಣಿಸಲು ಹೊರಟದ್ದರಿಂದಲೇ 235 ಕನ್ನಡ ಶಾಲೆಗಳ ಸಂಗತಿ ಎರಡು ಶತಮಾನ ಕಳೆದ ಮೇಲೂ ನಮಗೆ ತಿಳಿದಿದೆ. ನಮ್ಮ ಶಾಲೆ ಶತಮಾನೋತ್ಸವ ಆಚರಿಸುವಾಗ ಅಂದಿನವರು ತೆರೆದು ನೋಡಲು ಇಂದಿನ ನಮ್ಮ ಲೆಕ್ಕವೂ ಇರಲಿ. ಬೆಳಿಗ್ಗೆ ಮೊದಲು ಬಂದ ಮಗುವಿನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯುವವರು ಅಂದಿಗೂ ಈ ಊರಿನಲ್ಲಿ ಇರಲೆಂದು ಹಾರೈಸುತ್ತೇನೆ.